ಮಳಖೇಡದ ದಾರಿಯಲ್ಲೊಂದು ಪ್ರಶ್ನೆ

ಕಲಬುರಗಿಯಿಂದ ಹೊರಟ ಪ್ಯಾಸೆಂಜರ್ ಗಾಡಿ ಶಹಾಬಾದನ್ನು ಸಮೀಪಿಸುತ್ತಿದ್ದಂತೆಯೇ ಇದು ಕಲ್ಲಿನ ಸೀಮೆಯೆಂಬುದು ಪ್ರಯಾಣಿಕನ ಅರಿವಿಗೆ ಬರುತ್ತದೆ. ಮನೆಯ ಗೋಡೆ ಕಲ್ಲು, ನೆಲ ಕಲ್ಲು, ಮಾಳಿಗೆಯೂ ಕಲ್ಲು. ವಾಚಕರಲ್ಲಿ ಎಷ್ಟೋ ಮಂದಿ ಅಂಬೆಗಾಲಿಟ್ಟ ನೆಲವೂ ಈ ಊರಿನ ಹೆಸರನ್ನೇ ಹೊತ್ತ ಹಾಸುಗಲ್ಲಾಗಿದ್ದರೆ ಆಶ್ಚರ್ಯವಿಲ್ಲ.

ನನ್ನ ಪ್ರವಾಸಕ್ಕೆ ಮಳಖೇಡ ನೆಪ, ಕಾರಣ ಬೇರೆ. ಎದುರಿನ ಆಸನದಲ್ಲಿ ಕಿಟಕಿಗೆ ತಲೆಯಾನಿಸಿ ನಿದ್ರಿಸುತ್ತಿದ್ದ ಹುಡುಗ ನನ್ನ ವಿದ್ಯಾರ್ಥಿ, ಚಿಂಚೋಳಿಯ ಕಡೆಯವನು. ಪರೀಕ್ಷೆಗೆ ಮುನ್ನ ನಾಲ್ಕು ರಾತ್ರಿ, ನಿದ್ರೆ ತಡೆಯುವ ಗುಳಿಗೆ ನುಂಗಿ ಓದಿದ್ದನಂತೆ. ಐದನೆಯ ದಿನ ಪರೀಕ್ಷಾ ಮಂದಿರದಲ್ಲಿಯೇ ಕುಸಿದುಬಿದ್ದ. ಚೇತರಿಸಿಕೊಂಡ ಮೇಲೆ, ಗದರಿಸಹೋದ ನನ್ನನ್ನೇ ಅವನು ಕೇಳಿದ: “ಸರ್, ನೀವು ಕನ್ನಡಕ ಹಾಕಿಕೊಂಡು ಓದುತ್ತೀರಿ. ಅದು ತಪ್ಪಲ್ಲ. ನಾನು ಗುಳಿಗೆ ನುಂಗಿ ಓದಿದ್ದು ಮಾತ್ರ ಹೇಗೆ ತಪ್ಪು?”

ಪಂಪನ ಬಗೆಗೆ ಗಂಟೆಗಟ್ಟಲೆ ಮಾತನಾಡಬಲ್ಲ ನನಗೆ ಒಂದು ವಾಕ್ಯವೂ ಹೊರಡಲಿಲ್ಲ. ಅವನನ್ನು ಊರು ಮುಟ್ಟಿಸಿಬರುವ ಹೊಣೆಯನ್ನು ಮಾತ್ರ ಹೊತ್ತೆ.

ವಾಡಿಯಲ್ಲಿ ಗಾಡಿ ಬದಲಿಸಬೇಕು. 1874ರಲ್ಲಿ ನಿಜಾಮನ ರೈಲುಮಾರ್ಗ ಇಲ್ಲಿಂದ ಸಿಕಂದರಾಬಾದಿಗೆ ಸಾಗಿತು; ಅಂದಿನಿಂದ ಈ ಊರಿಗೆ ಕಾಯುವವರ ಕೊರತೆಯಿಲ್ಲ. ಸಿಮೆಂಟು ಕಾರ್ಖಾನೆಯ ಹೊಗೆಗೊಳವೆಗಳನ್ನು ನೋಡುತ್ತ ನಾವೂ ಕಾದೆವು. ಮುಂದೆ ಚಿತ್ತಾಪುರ. ಅದರ ಸಮೀಪದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಘಟಿಕಾಸ್ಥಾನವಿತ್ತು. 1058ರ ಶಾಸನವು ಅಲ್ಲಿ ವೇದಾಧ್ಯಯನ ಮಾಡುತ್ತಿದ್ದ ಇನ್ನೂರು ವಿದ್ಯಾರ್ಥಿಗಳನ್ನೂ ಗ್ರಂಥಗಳನ್ನು ಕಾಯುತ್ತಿದ್ದ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೆಸರಿಸುತ್ತದೆ. ಅವರ ನಿದ್ರೆಯ ಲೆಕ್ಕವನ್ನು ಯಾವ ಶಾಸನವೂ ಇಟ್ಟಿಲ್ಲ.

ಮಳಖೇಡದಲ್ಲಿ ಇಳಿದು ಕೋಟೆಯ ಕಡೆಗೆ ಹೋದೆವು. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಕೆಳಗೆ ಕಾಗಿಣಾ ನದಿ; ಮೇಲೆ ಅರೆಬಿದ್ದ ಗೋಡೆ, ಹುಲ್ಲು ಬೆಳೆದ ಬುರುಜು. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನ ಇಲ್ಲಿಯೇ ಇದ್ದಿತೆಂದು ನಂಬಬೇಕಾದರೆ ಕಣ್ಣು ಮುಚ್ಚಿಕೊಳ್ಳಬೇಕು.

ಮುಚ್ಚಿಕೊಂಡಾಗ ನೆನಪಾದವನು ಉಗ್ರಾದಿತ್ಯ. ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಬರೆದ ಜೈನಮುನಿ. ಗ್ರಂಥದ ಕೊನೆಗೆ ‘ಹಿತಾಹಿತ’ವೆಂಬ ಅಧ್ಯಾಯವೊಂದಿದೆ. ವೈದ್ಯರಿಂದಲೂ ವಿದ್ವಾಂಸರಿಂದಲೂ ತುಂಬಿದ ನೃಪತುಂಗನ ಸಭೆಯಲ್ಲಿ, ಔಷಧಕ್ಕೆ ಮಾಂಸ ಸಲ್ಲದೆಂದು ತಾನು ವಾದಿಸಿದುದನ್ನು ಆತ ಅಲ್ಲಿ ಹೇಳಿದ್ದಾನೆ. ಆ ನೃಪತುಂಗನು ಅಮೋಘವರ್ಷನೇ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಹುಡುಗನಿಗೆ ಇದನ್ನು ಹೇಳಿದೆ. ಚರಕನು ಚಿಕಿತ್ಸೆಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದನ್ನೂ ಹೇಳಿದೆ: ರೋಗಿಯ ರೋಗವನ್ನು ಕಳೆಯುವುದು ಒಂದು, ಆರೋಗ್ಯವಂತನ ಓಜಸ್ಸನ್ನು ಹೆಚ್ಚಿಸುವುದು ಇನ್ನೊಂದು.

“ಹಾಗಾದರೆ ಬಲ ಹೆಚ್ಚಿಸಿಕೊಳ್ಳುವುದು ಶಾಸ್ತ್ರಸಮ್ಮತವೇ ಆಯಿತಲ್ಲ, ಸರ್!” ಎಂದು ಅವನು ನಕ್ಕ.

ಸಮ್ಮತವೇ. ಕನ್ನಡಕ ಸರಿ, ಗುಳಿಗೆ ತಪ್ಪು ಎಂದು ಒಂದೇ ಗೆರೆ ಎಳೆದು ಪಾರಾಗುವಂತಿಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡೂ ಮೊಣಕಾಲುಗಳ ಕೆಳಗೆ ಕಾಲಿಲ್ಲದ ಪಿಸ್ಟೋರಿಯಸ್ ಇಂಗಾಲದ ನಾರಿನ ಕಾಲುಗಳ ಮೇಲೆ ಓಡಿದಾಗ, ಅದು ಕೊರತೆಯನ್ನು ತುಂಬಿತೋ ಮೇಲುಗೈ ಕೊಟ್ಟಿತೋ ಎಂದು ಲೋಕವೇ ಚರ್ಚಿಸಿತು. ಉಗ್ರಾದಿತ್ಯನ ತಕರಾರು ಬಲದ ಮೇಲಲ್ಲ, ಬಲದ ಬೆಲೆಯ ಮೇಲೆ. ಈ ಪುಷ್ಟಿಗಾಗಿ ಯಾರ ಜೀವ ತೆರಲಾಗುತ್ತಿದೆ ಎಂಬುದು ಅವನ ಪ್ರಶ್ನೆ. ಅವನ ಆಹಾರನಿಯಮವನ್ನು ಒಪ್ಪದವರೂ ಆ ಪ್ರಶ್ನೆಯನ್ನು ತಳ್ಳಿಹಾಕಲಾರರು.

ಸೇಡಂನಿಂದ ಬಸ್ಸು. ತೊಗರಿಯ ಹೊಲಗಳನ್ನು ದಾಟಿ ಚಿಂಚೋಳಿಯ ಸೀಮೆ ಸೇರುವಾಗ ಹೊತ್ತು ಇಳಿದಿತ್ತು. ಹುಡುಗನ ತಂದೆ ಬಾಗಿಲಿಗೇ ಬಂದರು. ಶಹಾಬಾದದ ಗಣಿಗಳಲ್ಲಿ ಕಲ್ಲು ಒಡೆದವರು. ಚಪ್ಪಡಿಯೊಂದು ಜಾರಿ ಎಡಗಾಲನ್ನು ಕಳೆದುಕೊಂಡವರು. ಈಗ ಇರುವುದು ಜೈಪುರದ ಕಾಲು. ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿ ಅವರು 1968ರ ಸುಮಾರಿಗೆ ರೂಪಿಸಿದ ಈ ರಬ್ಬರು ಪಾದದ ಮೇಲೆ ಬರಿಗಾಲಿನಲ್ಲಿ ಹೊಲದಲ್ಲಿ ನಡೆಯಬಹುದು, ನೆಲದ ಮೇಲೆ ಕುಕ್ಕರಿಸಬಹುದು.

ನಡೆದುದನ್ನೆಲ್ಲ ಹೇಳಿ ಮುಗಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು.

“ನಂದು ಕಾಲು ಹೋಗಿತ್ರಿ, ಅದರ ಜಾಗಾಕ್ಕ ಇದು ಬಂದದ. ಇವನ ನಿದ್ದಿ ಎಲ್ಲಿ ಹೋಗಿತ್ತು? ಇವನೇ ಮಾರ್ಕೊಂಡಾನ.” ಸ್ವಲ್ಪ ತಡೆದು ಮತ್ತೆ ಹೇಳಿದರು: “ಕಲ್ಲು ಕೊಯ್ಯೋ ಮಿಷನ್ ಬಂದಾಗ ಕೈಗಿ ಆರಾಮ ಸಿಗ್ತದಂತ ಖುಷಿಪಟ್ಟಿದ್ವಿ. ಕಲ್ಲು ಹೆಚ್ಚಾದ್ವು, ಆರಾಮ ಹೆಚ್ಚಾಗಲಿಲ್ಲ. ಇವತ್ತ ಒಬ್ಬಾವ ಗುಳಿಗಿ ನುಂಗತಾನ್ರಿ. ನಾಳಿ ನುಂಗಲಾರದಾವ ಮೈಗಳ್ಳ ಆಗತಾನ.”

ನನ್ನ ತಲೆ ತಾನಾಗಿ ತಗ್ಗಿತು. ‘ನಿದ್ದೆಗೆಟ್ಟು ಓದಿದವನೇ ಗೆಲ್ಲುವವನು’ ಎಂದು ವರ್ಷದ ಮೊದಲ ದಿನ ತರಗತಿಯಲ್ಲಿ ಹೇಳಿದವನು ನಾನೇ. ಆ ಮಾತನ್ನು ಹುಡುಗ ಮರೆತಿರಲಿಲ್ಲ, ನಾನು ಮರೆತಿದ್ದೆ. ಗುಳಿಗೆಯನ್ನು ಕೊಂಡವನು ಅವನಾದರೂ ಅದರ ಅಗತ್ಯವನ್ನು ಮಾರಿದವನು ನಾನು.

ಅಮೋಘವರ್ಷನು ಪ್ರಜೆಗಳಿಗೊದಗಿದ ಆಪತ್ತನ್ನು ನೀಗಲೆಂದು ತನ್ನ ಎಡಗೈ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು 871ರ ಸಂಜಾನ ತಾಮ್ರಪಟ ಹೇಳುತ್ತದೆ. ಆ ರಾಜ ತೆತ್ತದ್ದು ತನ್ನ ಬೆರಳನ್ನು. ನಾವು ಮೇಷ್ಟ್ರುಗಳೂ ತಾಯ್ತಂದೆಯರೂ ನಮ್ಮ ಹೆಮ್ಮೆಗಾಗಿ ಮಕ್ಕಳ ಮೈಯನ್ನು ತೆರುತ್ತಿದ್ದೇವೆ.

ಮರುದಿನ ಬೆಳಗ್ಗೆ ಹೊರಡುವಾಗ ಹೇಳಿಹೋಗೋಣವೆಂದು ಒಳಗೆ ಇಣುಕಿದೆ. ಬಿಸಿಲು ಅಂಗಳಕ್ಕೆ ಬಂದಿತ್ತು. ಹುಡುಗ ತಣ್ಣನೆಯ ಹಾಸುಗಲ್ಲಿನ ಮೇಲೆ ಗಾಢವಾಗಿ ನಿದ್ರಿಸುತ್ತಿದ್ದ. ಎಬ್ಬಿಸಹೋದ ತಾಯಿಯನ್ನು ನಾನೇ ಕೈಸನ್ನೆಯಿಂದ ತಡೆದೆ.