ನಮ್ಮನ್ಯಾಗ ಕಷ್ಟ ಏನೈತಿ?

ರಾಣೆಬೆನ್ನೂರಿನ ನಮ್ಮ ಮನೆಗೆ ಸಂಜೆ ಏಳರ ಮೇಲೆ ಯಾರಾದರೂ ಬಂದರೆ ಅವ್ವ ಅವರ ಮುಖ ನೋಡುವುದಿಲ್ಲ. ಕಣ್ಣು ಟಿವಿಯಲ್ಲೇ ಇಟ್ಟು, ಕೈಯಲ್ಲಿ ಕುರ್ಚಿ ತೋರಿಸುತ್ತಾಳೆ. "ಅಡ್ವಟೈಜ್ ಬರ್ಲಿ, ಚಾ ಇಡ್ತೀನಿ" ಎನ್ನುತ್ತಾಳೆ. ಬಂದವರಿಗೂ ಅದು ಗೊತ್ತು. ಅವರೂ ತಮ್ಮ ಮನೆಯಲ್ಲಿ ಬಿಟ್ಟು ಬಂದ ಧಾರಾವಾಹಿಯನ್ನು ಇಲ್ಲಿ ಮುಂದುವರಿಸುತ್ತಾರೆ.

ನಾನು ಈ ಧಾರಾವಾಹಿಗಳನ್ನು ಬಹಳ ವರ್ಷ ಗೇಲಿ ಮಾಡಿದವಳು. ದಾವಣಗೆರೆಯ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ತರಗತಿಯಲ್ಲಿ ಹುಡುಗರು ತೂಕಡಿಸುವ ಹೊತ್ತಿಗೆ ಸೀರಿಯಲ್ ಅತ್ತೆಯನ್ನು ಎಳೆದು ತಂದರೆ ಸಾಕು, ಎಲ್ಲರಿಗೂ ಎಚ್ಚರವಾಗುತ್ತದೆ. ಸೊಸೆ ಲೋಟ ಬೀಳಿಸಿದರೆ ಮೂರು ಸಲ ತಿರುಗುವ ಕ್ಯಾಮೆರಾ, ಒಂದೊಂದು ಮುಖಕ್ಕೂ ಒಂದೊಂದು ಸಿಡಿಲು, ಮಲಗುವಾಗಲೂ ತೆಗೆಯದ ಒಡವೆ. ಇದನ್ನೆಲ್ಲ ಅಭಿನಯಿಸಿಯೂ ತೋರಿಸುತ್ತಿದ್ದೆ. ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ನೋಡಿ ಬೆಳೆದವರಿಗೆ ಹೀಗೆ ನಗುವ ಹಕ್ಕು ತಾನಾಗಿಯೇ ಬರುತ್ತದೆ ಎಂಬ ಭಾವನೆ ನನಗಿತ್ತು. 1998ರಲ್ಲಿ ಅದು ದೂರದರ್ಶನದಲ್ಲಿ ಬರುವಾಗ ಮನೆಮಂದಿಯೆಲ್ಲ ಒಟ್ಟಿಗೆ ಕೂತಿರುತ್ತಿದ್ದೆವು. ಮುಂದೆ 'ಮುಕ್ತ'ದಲ್ಲಿ ಸೀತಾರಾಮ್ ಅವರೇ ವಕೀಲ ಸಿ.ಎಸ್.ಪಿ. ಆಗಿ ವಾದಿಸುವಾಗ ಅಪ್ಪ ಪೇಪರ್ ಮಡಚಿ ಪಕ್ಕಕ್ಕಿಡುತ್ತಿದ್ದರು. ಅವು 'ಒಳ್ಳೆಯ' ಧಾರಾವಾಹಿಗಳು, ಅವ್ವ ಈಗ ನೋಡುವುದು 'ಆ ಥರದವು'. ನನ್ನ ಲೆಕ್ಕ ಇಷ್ಟೇ ಇತ್ತು.

ಆ ಲೆಕ್ಕ ತಪ್ಪಿದ್ದು 'ಭಾಗ್ಯಲಕ್ಷ್ಮೀ' ನೋಡುವಾಗ. 2022ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ಧಾರಾವಾಹಿ ಅದು. ಸುಷ್ಮಾ ರಾವ್ ಮಾಡುವ ಭಾಗ್ಯ ಹೆಚ್ಚು ಓದಿದವಳಲ್ಲ. ಗಂಡ ತಾಂಡವನಿಗೆ ಅವಳನ್ನು ಕಂಡರೆ ತಾತ್ಸಾರ. ಅತ್ತೆ ಕುಸುಮಾ ಮಾತ್ರ ಸೊಸೆಯ ಪರ. ಪದ್ಮಜಾ ರಾವ್ ಮಾಡಿರುವ ಈ ಅತ್ತೆ ನನ್ನ ತರಗತಿಯ ಗೇಲಿಗೆ ಒದಗುವವಳಲ್ಲ. ಕತೆಯ ಒಂದು ಘಟ್ಟದಲ್ಲಿ ಭಾಗ್ಯ ತನ್ನ ಮಗಳ ಶಾಲೆಯಲ್ಲೇ ಹತ್ತನೇ ತರಗತಿಗೆ ಸೇರುತ್ತಾಳೆ. ಮಗಳಿಗೆ ನಾಚಿಕೆ, ಗಂಡನಿಗೆ ಸಿಟ್ಟು, ಊರಿಗೆ ತಮಾಷೆ.

ರಜೆಗೆ ಊರಿಗೆ ಹೋಗಿದ್ದೆ. ಭಾಗ್ಯ ಪುಸ್ತಕ ಹಿಡಿದು ಕೂತ ಒಂದು ದೃಶ್ಯಕ್ಕೆ ನಾನು ಎಂದಿನಂತೆ ಏನೋ ಅಂದೆ. ನಕ್ಕೆ ಕೂಡ. ಅವ್ವ ನಗಲಿಲ್ಲ. ಜಾಹೀರಾತು ಬರುವ ತನಕ ಕಾದು, ಸದ್ದು ಕಡಿಮೆ ಮಾಡಿ, ಟಿವಿಯ ಕಡೆಗೇ ನೋಡುತ್ತ ಹೇಳಿದಳು:

"ನಾ ಫೇಲ್ ಆಗಿರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ.

"ಎಸ್ಸೆಸ್ಸೆಲ್ಸಿ. ನಾ ಫೇಲ್ ಆಗಿರ್ಲಿಲ್ಲ. ಗಣಿತದ ಪೇಪರಿಗೆ ಹೋಗಾಕ ಬಿಡಲಿಲ್ಲ. ಅವತ್ತ ನಿಮ್ಮಪ್ಪನ ಕಡ್ಯಾರು ನನ್ನ ನೋಡಾಕ ಬಂದಿದ್ರು."

ನಮ್ಮ ಮನೆಯಲ್ಲಿ 'ಅವ್ವ ಎಸ್ಸೆಸ್ಸೆಲ್ಸಿ ಫೇಲ್' ಎಂಬುದು ಒಂದು ಹಳೆಯ ಹಾಸ್ಯ. ಅಪ್ಪ ಅನ್ನುತ್ತಿದ್ದರು, ಅಣ್ಣ ಅನ್ನುತ್ತಿದ್ದ, ನಾನು ಎಂ.ಎ. ಮುಗಿಸಿದ ದಿನ ಕೂಡ ಅಂದಿದ್ದೆ. ಅವ್ವ ಪ್ರತಿ ಸಲವೂ ನಮ್ಮ ಜೊತೆ ನಗುತ್ತಿದ್ದಳು. ಅದು 1971ರ ಮಾತು. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿದ್ದ ಕಾಲ. ಉಳಿದ ಪೇಪರುಗಳನ್ನೆಲ್ಲ ಬರೆದಿದ್ದಾಳೆ. ಗಣಿತದ ದಿನ ಬೆಳಿಗ್ಗೆ ಜಡೆ ಹಾಕಿಕೊಂಡು ಹೊರಟವಳನ್ನು ಬಾಗಿಲಲ್ಲೇ ತಡೆದು, ಅದೇ ಜಡೆಗೆ ಹೂವು ಮುಡಿಸಿ ಕೂರಿಸಿದ್ದಾರೆ. ಅರ್ಧ ಶತಮಾನ ಕಳೆದ ಮೇಲೆ, ಒಂದು ಸೋಪಿನ ಜಾಹೀರಾತಿನ ಹೊತ್ತಿನಲ್ಲಿ, ಅದನ್ನು ಮೊದಲ ಸಲ ಹೇಳಿದಳು. ನಾನು ಏನಾದರೂ ಅನ್ನುವಷ್ಟರಲ್ಲಿ ಧಾರಾವಾಹಿ ಮತ್ತೆ ಶುರುವಾಯಿತು. ಅವ್ವ ಸದ್ದು ಜಾಸ್ತಿ ಮಾಡಿದಳು.

ಅಂದಿನಿಂದ ನಾನು ಅವ್ವ ನೋಡುವುದನ್ನು ನೋಡತೊಡಗಿದೆ. ಅವಳು ಕತೆಯನ್ನು ನಂಬಿಕೊಂಡು ಕೂತಿರುವುದಿಲ್ಲ. ಸಿಡಿಲಿಗೆ ಅವಳೂ ನಗುತ್ತಾಳೆ. 'ಅಮೃತಧಾರೆ'ಯಲ್ಲಿ ರಾಜೇಶ್ ನಟರಂಗ, ಛಾಯಾ ಸಿಂಗ್ ಅವರ ನಡುವಯಸ್ಸಿನ ದಾಂಪತ್ಯ ಅವಳಿಗೆ ಇಷ್ಟ. ಆದರೆ ಸಂಚುಗಳು ಶುರುವಾದರೆ ಎದ್ದು ಅನ್ನಕ್ಕಿಡಲು ಹೋಗುತ್ತಾಳೆ. 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯಲ್ಲಿ ಉಮಾಶ್ರೀಯವರ ಪುಟ್ಟಕ್ಕ ಗಂಡ ಬಿಟ್ಟ ಮೇಲೆ ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಅವರಲ್ಲೊಬ್ಬಳು, ಸ್ನೇಹಾ, ಓದಿ ಜಿಲ್ಲಾಧಿಕಾರಿಯಾಗುತ್ತಾಳೆ. 2024ರಲ್ಲಿ ಆ ಪಾತ್ರವನ್ನು ಅಪಘಾತದಲ್ಲಿ ಸಾಯಿಸಿದಾಗ ಅವ್ವ ಒಂದು ವಾರ ಆ ಚಾನೆಲ್ ಹಾಕಲಿಲ್ಲ. "ಡೀಸಿ ಆದಾಕಿನ್ನ ಕೊಂದ್ರಲ್ಲ" ಎಂದಳು. ನಟಿ ಧಾರಾವಾಹಿ ಬಿಟ್ಟಿದ್ದಾರೆ, ಅದಕ್ಕೆ ಹಾಗೆ ಮಾಡಿರಬೇಕು ಎಂದೆ. "ಬ್ಯಾರೆ ಊರಿಗೆ ಟ್ರಾನ್ಸ್‌ಫರ್ ಮಾಡಬಹುದಿತ್ತಲ್ಲ. ಡೀಸಿಗೆ ಟ್ರಾನ್ಸ್‌ಫರ್ ಇರೂದಿಲ್ಲೇನು?" ಎಂದಳು. ಕತೆ ಕಟ್ಟುವವರ ತಂಡಕ್ಕೆ ಹೊಳೆಯದಿದ್ದುದು ಗಣಿತದ ಪೇಪರ್ ತಪ್ಪಿಸಿಕೊಂಡವಳಿಗೆ ಹೊಳೆದಿತ್ತು.

ಧಾರಾವಾಹಿಯವರಿಗೆ ಅವ್ವನ ಈ ಮಾತು ತಲುಪುವುದಿಲ್ಲ. ಅವರು ಕಾಯುವುದು ಪ್ರತಿ ಗುರುವಾರ ಬರುವ ಟಿಆರ್‌ಪಿಗೆ. ದೇಶದಲ್ಲಿ ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಮೀಟರ್ ಇಟ್ಟಿರುತ್ತಾರೆ. ಚಾನೆಲ್ಲಿನ ಧ್ವನಿಯೊಳಗೆ ಕಿವಿಗೆ ಕೇಳಿಸದಂತೆ ಬೆರೆಸಿದ ಗುರುತನ್ನು ಅದು ಹಿಡಿಯುತ್ತದೆ. ಮನೆಯವರು ತಾವು ನೋಡುತ್ತಿರುವುದನ್ನು ತಿಳಿಸಲು ತಮ್ಮ ತಮ್ಮ ಗುಂಡಿ ಒತ್ತಬೇಕು. ಯಾರು ಎಷ್ಟು ಹೊತ್ತು ನೋಡಿದರು ಎಂಬುದು ಹೀಗೆ ದಾಖಲಾಗುತ್ತದೆ. ಯಾಕೆ ನೋಡಿದರು, ಎಲ್ಲಿ ಎದ್ದು ಅನ್ನಕ್ಕಿಡಲು ಹೋದರು, ಎಲ್ಲಿ ಸದ್ದು ಕಡಿಮೆ ಮಾಡಿ ಮಗಳಿಗೆ ಏನು ಹೇಳಿದರು ಎಂಬುದಕ್ಕೆ ಯಾವ ಗುಂಡಿಯೂ ಇಲ್ಲ.

ಕೆಲವೊಮ್ಮೆ ನೋಡುಗರೇ ಬೇರೆ ದಾರಿ ಕಂಡುಕೊಳ್ಳುತ್ತಾರೆ. 2020ರ ಲಾಕ್‌ಡೌನಿನಲ್ಲಿ ಚಿತ್ರೀಕರಣ ನಿಂತು, ಡಬ್ಬಿಂಗ್ ಧಾರಾವಾಹಿಗಳು ನಮ್ಮ ಮನೆಗಳಿಗೆ ಬಂದವು. ಆ ಜುಲೈನಲ್ಲಿ ಜೀ ಕನ್ನಡದಲ್ಲಿ ಶುರುವಾದ, ಅಂಬೇಡ್ಕರ್ ಬದುಕಿನ 'ಮಹಾನಾಯಕ'ಕ್ಕೆ ಹಳ್ಳಿ ಹಳ್ಳಿಗಳಲ್ಲಿ ಯುವಕರು ತಮ್ಮ ದುಡ್ಡಿನಲ್ಲಿ ಫ್ಲೆಕ್ಸ್ ಹಾಕಿಸಿದರು. ಸಿನಿಮಾ ನಟರಿಗೆ ಫ್ಲೆಕ್ಸ್ ನೋಡಿದ್ದ ನನಗೆ ಒಂದು ಧಾರಾವಾಹಿಗೆ ಫ್ಲೆಕ್ಸ್ ಕಂಡದ್ದು ಅದೇ ಮೊದಲು. ಹಿಂದಿಯಿಂದ ಡಬ್ ಆದ ಕತೆ, ತುಟಿಗೂ ಮಾತಿಗೂ ಹೊಂದುತ್ತಿರಲಿಲ್ಲ. ಆದರೂ ಶಾಲೆಯ ಹೊರಗೆ ಕೂರಿಸಿದ ಹುಡುಗನ ದೃಶ್ಯವನ್ನು ಮೊಮ್ಮಕ್ಕಳ ಜೊತೆ ಕೂತು ನೋಡಿದ ಅಜ್ಜಂದಿರಿಗೆ, 'ನನಗೂ ಹೀಗೇ ಆಗಿತ್ತು' ಎಂದು ಬಾಯಿಬಿಟ್ಟು ಹೇಳಬೇಕಾದ ಅಗತ್ಯ ಬೀಳಲಿಲ್ಲ. ಪರದೆಯೇ ಅದನ್ನು ಹೇಳುತ್ತಿತ್ತು.

ಧಾರಾವಾಹಿಯ ದೊಡ್ಡ ಉಪಕಾರ ಇದೇ ಇರಬೇಕು ಎಂದು ಈಗ ನನಗನ್ನಿಸುತ್ತದೆ. ನಮ್ಮ ಕಷ್ಟವನ್ನು ಅದು ಬೇರೆ ಯಾರದೋ ಹೆಸರಲ್ಲಿ ಎದುರಿಗಿಡುತ್ತದೆ. ನೋಡುವವರು ತಮ್ಮದನ್ನು ಹೇಳಬಹುದು, ಹೇಳದೆಯೂ ಇರಬಹುದು.

ಇನ್ನು ರಿಯಾಲಿಟಿ ಸ್ಪರ್ಧೆಗಳು. ಅವ್ವ ಅವನ್ನೂ ಬಿಡುವುದಿಲ್ಲ. 'ಸರಿಗಮಪ'ದಲ್ಲಿ ನಮ್ಮದೇ ಜಿಲ್ಲೆಯ, ಸವಣೂರು ತಾಲ್ಲೂಕಿನ ಹನುಮಂತ ಹಾಡಿ 2019ರಲ್ಲಿ ರನ್ನರ್ ಅಪ್ ಆದಾಗ ಅವಳಿಗೆ ಅವರು ಗೆದ್ದ ಹಾಗೆಯೇ. ಮುಂದೆ ಅವರು ವೈಲ್ಡ್ ಕಾರ್ಡಿನಲ್ಲಿ 'ಬಿಗ್ ಬಾಸ್' ಮನೆಗೆ ಹೋಗಿ, 2025ರ ಜನವರಿಯಲ್ಲಿ ಹನ್ನೊಂದನೇ ಸೀಸನ್ ಗೆದ್ದಾಗ ಓಣಿಗೆಲ್ಲ ಸಕ್ಕರೆ ಹಂಚಿದಳು. "ನಮ್ಮ ಮಾತು ಮಾತಾಡ್ತಾನ" ಎಂಬುದು ಅವಳ ಒಂದೇ ಕಾರಣ. ಆದರೆ ಹೆಸರಿನ ಹಿಂದೆ ಯಾವಾಗಲೂ 'ಕುರಿಗಾಹಿ' ಎಂದು ಸೇರಿಸುತ್ತಿದ್ದುದು, ಆ ಮಾತು ಬಂದಾಗ ಎಲ್ಲರ ಮುಖ ಕರಗುತ್ತಿದ್ದುದು ಅವಳಿಗೆ ಸರಿಬರುತ್ತಿರಲಿಲ್ಲ. "ಕುರಿ ಕಾಯೂದು ಕೆಲಸ. ಕಷ್ಟ ಅಲ್ಲ" ಎನ್ನುತ್ತಿದ್ದಳು.

ನಾನು ಹುಡುಗಿಯಾಗಿದ್ದಾಗ ನೋಡಿದ ಸ್ಪರ್ಧೆಯೆಂದರೆ ಈಟಿವಿಯ 'ಎದೆ ತುಂಬಿ ಹಾಡುವೆನು'. ಎಸ್.ಪಿ. ಬಾಲಸುಬ್ರಹ್ಮಣ್ಯಂ ಕೂತಿರುತ್ತಿದ್ದರು. ಮಕ್ಕಳು ಹಾಡಿದ ಮೇಲೆ ಆ ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು, ಶ್ರುತಿ ಎಲ್ಲಿ ಜಾರಿತು ಎಂಬ ಮಾತು ನಡೆಯುತ್ತಿತ್ತು. ಮಾತೆಲ್ಲ ಹಾಡಿನ ಸುತ್ತ. ಈಗ ಹಾಡಿಗೆ ಮುಂಚೆ ಒಂದು ಚಿಕ್ಕ ಚಿತ್ರ ಬರುತ್ತದೆ. ಸೋರುವ ಮನೆ, ಹೊಲಿಗೆ ಯಂತ್ರದ ಮುಂದೆ ತಾಯಿ, ಹಿಂದೆ ಪಿಟೀಲು. ಚಿತ್ರ ಮುಗಿಯುವಾಗ ತೀರ್ಪುಗಾರರ ಕಣ್ಣು ಒದ್ದೆಯಾಗಿರುತ್ತದೆ, ನಮ್ಮದೂ. ಆಮೇಲೆ ಬರುವ ಹಾಡನ್ನು ಹಾಡೆಂದು ಕೇಳುವುದಕ್ಕೆ ನಮಗೆ ಮನಸ್ಸು ಬರುವುದಿಲ್ಲ.

ಇದೆಲ್ಲ ಪರದೆಯ ಮೇಲಿನ ಸಂಗತಿ ಅಂದುಕೊಂಡಿದ್ದೆ. ಕಳೆದ ವರ್ಷ ಅದು ನಮ್ಮ ಊಟದ ಮೇಜಿಗೆ ಬಂತು. ಅಣ್ಣನ ಮಗನಿಗೆ ಹದಿನಾಲ್ಕು. ಊರಿನಲ್ಲೇ ಒಬ್ಬರ ಹತ್ತಿರ ಹಿಂದೂಸ್ತಾನಿ ಕಲಿಯುತ್ತಾನೆ, ಚೆನ್ನಾಗಿ ಹಾಡುತ್ತಾನೆ. ಮಕ್ಕಳ ಹಾಡಿನ ಸ್ಪರ್ಧೆಯೊಂದರ ಆಡಿಷನ್ನಿಗೆ ಹೊರಟಿದ್ದ. ಅರ್ಜಿಯಲ್ಲಿ ಹೆಸರು, ಊರು, ಕಲಿತ ಹಾಡುಗಳ ನಂತರ ಒಂದು ಪ್ರಶ್ನೆ ಇತ್ತು: ನಿಮ್ಮ ಅಥವಾ ಕುಟುಂಬದ ಜೀವನದಲ್ಲಿ ಎದುರಿಸಿದ ಕಷ್ಟಗಳನ್ನು ವಿವರಿಸಿ. ಕೆಳಗೆ ಆರು ಖಾಲಿ ಗೆರೆ. ಹುಡುಗ ಪೆನ್ನಿನ ತುದಿ ಕಚ್ಚುತ್ತ ನನ್ನನ್ನು ಕೇಳಿದ:

"ಅತ್ತಿ, ನಮ್ಮನ್ಯಾಗ ಕಷ್ಟ ಏನೈತಿ?"

ಎಲ್ಲರೂ ನಕ್ಕೆವು. ಅಣ್ಣನಿಗೆ ಬ್ಯಾಂಕಿನ ನೌಕರಿ, ಸ್ವಂತ ಮನೆ. ಅತ್ತಿಗೆ "ನಿಮ್ಮಪ್ಪನ ಗೊರಕೆ ಅಂತ ಬರಿ" ಎಂದಳು. ನಗುನಗುತ್ತಲೇ ನಾನು ಒಂದು ತಪ್ಪು ಮಾಡಿದೆ. "ನಿಮ್ಮಜ್ಜಿಯ ಪರೀಕ್ಷೆ ವಿಷಯ ಬರಿ" ಎಂದುಬಿಟ್ಟೆ. ಹುಡುಗನ ಕಣ್ಣು ಅರಳಿತು. "ಅಜ್ಜಿ ಕನಸ ನಾ ಹಾಡಿ ನನಸ ಮಾಡ್ತೀನಿ ಅಂತ ಬರೀಲಿ?" ಎಂದ. ವಾಕ್ಯ ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಅಷ್ಟು ಎಪಿಸೋಡ್ ನೋಡಿದ್ದ.

ಅವ್ವ ಮಜ್ಜಿಗೆ ಬಡಿಸುತ್ತಿದ್ದವಳು ನಿಂತಳು. ಸಿಟ್ಟು ಮಾಡಲಿಲ್ಲ. "ಅದು ನಂದು. ಟಿವಿಗೆ ಕೊಡಾಕ ಬರೂದಿಲ್ಲ" ಎಂದಳು. ನಂತರ ಮೊಮ್ಮಗನ ತಲೆ ಸವರಿ, "ನೀ ಹಾಡಾಕ ಹೊಂಟಿ. ಹಾಡಿ ಬಾ" ಎಂದಳು.

ಅವನು ಆ ಆರು ಗೆರೆ ಖಾಲಿ ಬಿಟ್ಟು ಹೋದ. ಎರಡನೇ ಸುತ್ತಿನಲ್ಲಿ ಆಯ್ಕೆಯಾಗಲಿಲ್ಲ. ಖಾಲಿ ಗೆರೆಗಳಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ. ಮೇಲಿನ ಷಡ್ಜದಲ್ಲಿ ಸ್ವಲ್ಪ ಇಳಿದೆ ಎಂದು ಅವನೇ ಹೇಳಿದ. ಆದರೆ ಆ ಗೆರೆಗಳನ್ನು ತುಂಬಿಸಲು ಊರೂರಲ್ಲಿ ಮಕ್ಕಳು ಮನೆಯ ಮೂಲೆಗಳಲ್ಲಿ ಕಷ್ಟ ಹುಡುಕುತ್ತಿರುವ ಚಿತ್ರ ನನ್ನ ಕಣ್ಣಿಂದ ಹೋಗಿಲ್ಲ. ಅಪ್ಪನ ಸಾಲ, ಅವ್ವನ ಕಾಯಿಲೆ, ಅಜ್ಜಿಯ ಪರೀಕ್ಷೆ. ಇರುವವರು ಕೊಡಬೇಕು, ಇಲ್ಲದವರು ಎಲ್ಲಿಂದಾದರೂ ತರಬೇಕು. ಕೊಟ್ಟವರಿಗೆ ಅದು ತಿರುಗಿ ಸಿಗುವುದೂ ಇಲ್ಲ. ಆ ಹುಡುಗ ನಾಳೆ ದೊಡ್ಡ ಗಾಯಕನಾದರೂ ಊರವರ ಬಾಯಲ್ಲಿ ಸೋರುವ ಮನೆಯವನೇ.

ಹಾಗಾದರೆ ಅವ್ವನ ಗಣಿತದ ಪೇಪರಿನ ವಿಷಯವನ್ನು ನಾನು ಇಲ್ಲಿ ಬರೆದದ್ದು ಹೇಗೆ ಎಂದು ನೀವು ಕೇಳಬಹುದು. ನನಗೂ ಅದೇ ಅಳುಕಿತ್ತು. ಬರೆಯುವ ಮೊದಲು ಫೋನ್ ಮಾಡಿ ಕೇಳಿದೆ. ಧಾರಾವಾಹಿಯ ಹೊತ್ತು ನೋಡಿಕೊಂಡು, ಜಾಹೀರಾತಿನ ನಡುವೆಯೇ ಕೇಳಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಿಂದ ಮ್ಯೂಸಿಕ್ ಹಾಕ್ತಾರೇನು?"

"ಇಲ್ಲವ್ವ, ಬರೇ ಓದೂದು."

"ಹಂಗಾರ ಬರಿ. ಫೇಲ್ ಆಗಿರ್ಲಿಲ್ಲ ಅಂತ ಸರಿಯಾಗಿ ಬರಿ" ಎಂದು ಫೋನ್ ಇಟ್ಟಳು. ಜಾಹೀರಾತು ಮುಗಿದಿತ್ತು.