ಮೂರು ಊರುಗಳೂ ಬೆಳ್ಳಿಯ ಪರದೆಯೂ

ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆಗೆ ಹೊರಟ ರೈಲುಬಂಡಿಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಊರುಗಳು ಒಂದರ ಹಿಂದೊಂದರಂತೆ ಎದುರಾಗುವವು. ಹಾವೇರಿಯ ಏಲಕ್ಕಿಯ ಹಾರವನ್ನೂ, ಬ್ಯಾಡಗಿಯ ಮೆಣಸಿನಕಾಯಿಯನ್ನೂ, ರಾಣೇಬೆನ್ನೂರಿನ ಕೃಷ್ಣಮೃಗಗಳನ್ನೂ ಅರಿಯದವರು ವಿರಳ. ಆದರೆ ಈ ಸಲ ನಾವು ಹೊರಟುದು ಇವುಗಳನ್ನು ನೋಡುವುದಕ್ಕಾಗಿ ಅಲ್ಲ.

ಕೆಲವು ದಿನಗಳ ಹಿಂದೆ ಮನೆಯವರೆಲ್ಲರೂ ಕೂಡಿ ಚೀನ ದೇಶದ ಚಲಚ್ಚಿತ್ರವೊಂದನ್ನು ನೋಡಿದ್ದೆವು. 1992ರಲ್ಲಿ ಜಾಂಗ್ ಯಿಮೌ ಎಂಬ ನಿರ್ದೇಶಕರು ತೆಗೆದ ಆ ಚಿತ್ರದ ನಾಯಿಕೆ ಚ್ಯೂ ಜೂ. ಅವಳು ರಾಣಿಯಲ್ಲ, ಗಂಧರ್ವಕನ್ಯೆಯಲ್ಲ; ಮೆಣಸಿನಕಾಯಿ ಬೆಳೆಯುವ ಮನೆತನದ ಗರ್ಭಿಣಿಯಾದ ಒಕ್ಕಲಗಿತ್ತಿ. ಊರಿನ ಮುಖಂಡನು ಅವಳ ಗಂಡನನ್ನು ಒದ್ದಿರುವನು. ಅವಳಿಗೆ ಬೇಕಾದುದು ದಂಡದ ಹಣವಲ್ಲ, 'ತಪ್ಪಾಯಿತು' ಎಂಬ ಒಂದು ಮಾತು. ಅದಕ್ಕಾಗಿ ಮೆಣಸಿನಕಾಯಿ ಮಾರಿ, ಬಂದ ಹಣದಿಂದ ಕಚೇರಿಯಿಂದ ಕಚೇರಿಗೆ ಅಲೆಯುವಳು. ಅವಳು ಆಡುವುದು ಪೀಕಿಂಗಿನ ಶಿಷ್ಟಭಾಷೆಯಲ್ಲ, ಶಾನ್‌ಶೀ ಪ್ರಾಂತದ ಹಳ್ಳಿಯ ಮಾತು. ಆ ವರ್ಷ ವೆನಿಸ್ ನಗರದ ಚಿತ್ರೋತ್ಸವದಲ್ಲಿ ಅತ್ಯುಚ್ಚ ಬಹುಮಾನವು ಅದಕ್ಕೇ ಸಂದಿತು. ಚಿತ್ರ ಮುಗಿದ ಬಳಿಕ ನಮ್ಮ ಮನೆಯಾಕೆ, "ನಮ್ಮ ಬ್ಯಾಡಗಿಯ ಹೆಣ್ಣುಮಗಳು ಹೀಗೆ ಎಂದಾದರೂ ಪರದೆಯ ಮೇಲೆ ನಿಂತಿದ್ದಾಳೆಯೇ?" ಎಂದು ಕೇಳಿದಳು. ಉತ್ತರವು ಹೊಳೆಯಲಿಲ್ಲ. ಆ ಪ್ರಶ್ನೆಯನ್ನು ಕಟ್ಟಿಕೊಂಡೇ ನಾವು ಪ್ರವಾಸ ಹೊರಟೆವು.

ಹಾವೇರಿಯಲ್ಲಿ ಇಳಿದು ಸಿದ್ಧೇಶ್ವರನ ಪುರಾತನ ದೇವಾಲಯದ ನೆರಳಿನಲ್ಲಿ ಕುಳಿತಾಗ ಹಿಂದಿನ ಸಂಗತಿಗಳು ನೆನಪಿಗೆ ಬಂದವು. ಈಗ ಇದು 1997ರಲ್ಲಿ ಹುಟ್ಟಿದ ಜಿಲ್ಲೆಯ ಮುಖ್ಯಪಟ್ಟಣ; ಅದಕ್ಕೆ ಮೊದಲು ಧಾರವಾಡ ಜಿಲ್ಲೆಗೂ, 1956ರ ಏಕೀಕರಣದವರೆಗೆ ಮುಂಬಯಿ ಆಡಳಿತಕ್ಕೂ ಸೇರಿದ್ದಿತು. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದರೆ ಮೈಸೂರು ಸೀಮೆ. ಕನ್ನಡದ ಮೊದಲ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರಲ್ಲಿ ಬೆಂಗಳೂರಿನಲ್ಲಿ ತೆರೆಕಂಡಿತಾದರೂ ತಯಾರಾದುದು ಮಾತ್ರ ಕೊಲ್ಹಾಪುರದಲ್ಲಿ. ಆದರೂ ಈ ಸೀಮೆಯ ಕಂಠಗಳಿಗೆ ತಮ್ಮ ನುಡಿಯಲ್ಲಿ ಹೆಚ್ಚಿನ ಅವಕಾಶವು ದೊರೆಯಲಿಲ್ಲ. ಬೀಳಗಿಯ ಅಮೀರಬಾಯಿಯವರು ಮುಂಬಯಿಗೆ ಹೋಗಿ ಹಿಂದೀ ಚಿತ್ರಗಳಲ್ಲಿ ಹಾಡಿ ದೇಶದಲ್ಲೆಲ್ಲ ಹೆಸರಾದರು. ಹುಬ್ಬಳ್ಳಿಯ ಕಡೆಯ ಶಾಂತಾ ಹುಬಳೀಕರರು ಪುಣೆಯ ಪ್ರಭಾತ ಸಂಸ್ಥೆಯ 1939ರ 'ಮಾಣೂಸ್' ಚಿತ್ರದಲ್ಲಿ ಮರಾಠಿ ಆಡಿ ಕೀರ್ತಿವಂತೆಯಾದರು. ಮುಂದೆ ಕನ್ನಡ ಚಿತ್ರಗಳು ಬಹುಕಾಲ ಮದ್ರಾಸಿನ ಸ್ಟುಡಿಯೋಗಳಲ್ಲಿ ಸಿದ್ಧವಾದುವು. ಹೀಗೆ ನಮ್ಮವರು ಪರದೆಗೆ ಹೋದರು. ನಮ್ಮ ಮಾತು ಇಲ್ಲಿಯೇ ಉಳಿಯಿತು.

ಚೀನದ ಕಥೆಯೂ ಮೊದಮೊದಲು ಬೇರೆಯಾಗಿರಲಿಲ್ಲ. 1905ರಲ್ಲಿ ಅಲ್ಲಿಯ ಮೊದಲ ಚಿತ್ರವನ್ನು ಪೀಕಿಂಗಿನ ಛಾಯಾಚಿತ್ರದ ಅಂಗಡಿಯೊಂದರವರು ತೆಗೆದರು. ಅದರಲ್ಲಿ ಕಾಣಿಸಿಕೊಂಡವರು ತಾನ್ ಶಿನ್‌ಪೇ ಎಂಬ ಪ್ರಖ್ಯಾತ ರಂಗನಟರು. ನಮ್ಮಲ್ಲಿಯಂತೆ ಅಲ್ಲಿಯೂ ಚಿತ್ರಪಟವು ನಾಟಕದ ಮಡಿಲಿನಲ್ಲಿಯೇ ಹುಟ್ಟಿತು. 1949ರ ಕ್ರಾಂತಿಯ ತರುವಾಯ ಯಂತ್ರವನ್ನು ಹೊತ್ತ ತಂಡಗಳು ಹಳ್ಳಿ ಹಳ್ಳಿ ತಿರುಗಿದುವು. ಚಿತ್ರದ ಶಿಷ್ಟಭಾಷೆಯು ರೈತರಿಗೆ ತಿಳಿಯದಾದಾಗ, ಯಂತ್ರ ನಡೆಸುವವನೇ ಆ ಊರಿನ ಮಾತಿನಲ್ಲಿ ಅರ್ಥ ಹೇಳುತ್ತಿದ್ದನಂತೆ. 1966ರಿಂದ 1976ರವರೆಗಿನ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಚಿತ್ರೋದ್ಯಮವು ಬಹುಮಟ್ಟಿಗೆ ಸ್ತಬ್ಧವಾಯಿತು. ಆ ಕತ್ತಲೆ ಕಳೆದ ಮೇಲೆ ಬಂದ ತರುಣರು ಹಳ್ಳಿಯ ಕಡೆಗೆ ತಮ್ಮ ಯಂತ್ರವನ್ನು ತಿರುಗಿಸಿದರು. ಚ್ಯೂ ಜೂ ಹುಟ್ಟಿದುದು ಹಾಗೆ.

ಮರುದಿನ ಬ್ಯಾಡಗಿಗೆ ಹೋದೆವು. ಊರು ಹತ್ತಿರವಾದಂತೆ ಘಾಟು ಮೂಗಿಗೆ ತಾಗುವುದು; ಕಣ್ಣಿಗೆ ಕೆಂಪು ರಾಶಿಗಳು ತೋರುವುವು. ಇಲ್ಲಿಯ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಅದರಿಂದ ತೆಗೆದ ಬಣ್ಣವು ತುಟಿಗೆ ಬಳಿಯುವ ಕೆಂಪಿಗೂ ಬೇಕಾಗುವುದಂತೆ. ಬ್ಯಾಡಗಿಯ ಬಣ್ಣವು ತಾರೆಯರ ಮೋರೆಯನ್ನು ಸೇರಿದರೂ ಬ್ಯಾಡಗಿಯ ಮೋರೆಯು ಪರದೆಯನ್ನು ಸೇರಲಿಲ್ಲ!

ಒಂದು ಅಂಗಳದಲ್ಲಿ ಹೆಣ್ಣುಮಕ್ಕಳು ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರಲ್ಲಿ ಹಿರಿಯಳಾದ ಮುದುಕಿಯೊಬ್ಬಳನ್ನು ಚಿತ್ರಗಳ ವಿಷಯವಾಗಿ ಮಾತನಾಡಿಸಿದೆವು.

"ಸಣ್ಣಾಕಿದ್ದಾಗ ಕನಕಪ್ಪನ ಚಿತ್ರ ನೋಡಿದ್ದೆನ್ರಿ," ಎಂದಳು. "ಡೇರೆದಾಗ ಹಾಕಿದ್ರು. ಅವ್ವನ ತೊಡಿಮ್ಯಾಲ ಕುಂತು ನೋಡಿದ್ದೆ. ಕಾಗಿನೆಲಿ ಇಲ್ಲಿಂದ ಎರಡು ಹರದಾರಿ. ಕನಕಪ್ಪ ನಮ್ಮಾಂವನ ಹೌದಲ್ರಿ? ಆದ್ರ ಚಿತ್ರದಾಗ ಆತ ನಮ್ಮಂಗ ಮಾತಾಡಲೇ ಇಲ್ಲ."

ಅವಳು ಹೇಳಿದುದು ರಾಜಕುಮಾರರು ಅಭಿನಯಿಸಿದ 1960ರ 'ಭಕ್ತ ಕನಕದಾಸ'ವನ್ನು.

"ಈಗಿನ ಚಿತ್ರದಾಗ ನಿಮ್ಮಂಗ ಮಾತಾಡಾವರು ಬರೂದಿಲ್ಲೇನಬೇ?" ಎಂದು ಕೇಳಿದೆವು.

"ಬರತಾರ್ರಿ. ಮಂದೀನ್ನ ನಗಸಾಕ ಬರತಾರ," ಎಂದು ಅವಳು ಕಾಯಿಯಿಂದ ಕಣ್ಣೆತ್ತದೆಯೇ ನುಡಿದಳು.

ನಾವು ಅವಳಿಗೆ ಚ್ಯೂ ಜೂಳ ಕಥೆಯನ್ನು ಹೇಳಿದೆವು. ಕೈಕೆಲಸ ನಿಲ್ಲಿಸಿ ಎಲ್ಲರೂ ಕೇಳಿದರು. ಹೆರಿಗೆಯ ರಾತ್ರಿ ಅದೇ ಮುಖಂಡನು ಅವಳ ಜೀವವುಳಿಸಿದುದು, ಕೂಸಿನ ತಿಂಗಳ ಔತಣಕ್ಕೆ ಅವಳು ಅವನನ್ನು ಕರೆದುದು, ಅದೇ ಹೊತ್ತಿಗೆ ಪೋಲೀಸರು ಬಂದು ಅವನನ್ನು ಒಯ್ದುದು, ಅವಳು ದಾರಿಗೆ ಓಡಿ ದಿಕ್ಕು ತೋಚದೆ ನಿಂತುದು - ಎಲ್ಲವನ್ನೂ ಹೇಳಿದೆವು. ಮುದುಕಿಯು ತುಸು ಹೊತ್ತು ಸುಮ್ಮನಿದ್ದು, "ಆಕಿ ಕೇಳಿದ್ದ ಒಂದು, ಸರಕಾರ ಕೊಟ್ಟದ್ದ ಒಂದು. ನಮ್ಮೂರಾಗೂ ಹಂಗ ಅದ ನೋಡ್ರಿ," ಎಂದಳು. ವೆನಿಸಿನ ಪಂಡಿತರು ಇದಕ್ಕಿಂತ ಹೆಚ್ಚಿನದನ್ನು ಆ ಚಿತ್ರದಲ್ಲಿ ಕಂಡಿರಲಾರರೆಂದು ನಮಗೆ ತೋರಿತು.

ರಾಣೇಬೆನ್ನೂರನ್ನು ಮುಟ್ಟಿದಾಗ ಸಂಜೆಯಾಗಿತ್ತು. ಚಹದ ಅಂಗಡಿಯ ಮುಂದೆ ನಾಲ್ವರು ತರುಣರು ಒಂದೇ ಫೋನಿನ ಸುತ್ತ ತಲೆಗೂಡಿಸಿ ನಗುತ್ತಿದ್ದರು. ಇಣಿಕಿ ನೋಡಲು, ಈ ಸೀಮೆಯ ಹುಡುಗರೇ ಈ ಸೀಮೆಯ ಮಾತಿನಲ್ಲಿ ತೆಗೆದ ಕಿರುಚಿತ್ರ! ಇಲ್ಲಿಯೂ ನಗೆಯೇ ಪ್ರಧಾನ. ಆದರೆ ನಗಿಸುವವರೂ ನಗುವವರೂ ತಮ್ಮವರೇ. ಡೇರೆಯಲ್ಲಿ ಊರೆಲ್ಲ ಕೂಡಿ ನೋಡುವ ಕಾಲವು ಹೋಯಿತೆಂಬ ವ್ಯಸನವಿದ್ದರೂ, ಯಂತ್ರವು ಈಗ ನಮ್ಮ ಮಕ್ಕಳ ಕೈಗೇ ಬಂದಿರುವುದು ಸಣ್ಣ ಮಾತಲ್ಲ.

ಈ ನುಡಿಯು ನಗೆಗೆ ಮಾತ್ರ ತಕ್ಕುದೆಂದು ಬಗೆಯುವವರು ಇದೇ ಜಿಲ್ಲೆಯ ಶಿಶುನಾಳವನ್ನು ನೆನೆಯಬೇಕು. ಶರೀಫರ ಜೀವನವನ್ನು ಕುರಿತು ಟಿ. ಎಸ್. ನಾಗಾಭರಣರು 1990ರಲ್ಲಿ ಹೊರತಂದ ಚಿತ್ರದಲ್ಲಿ, ಸಿ. ಅಶ್ವತ್ಥರ ರಾಗಸಂಯೋಜನೆಯಲ್ಲಿ ಕೇಳಿದ ಶರೀಫರ ಪದಗಳನ್ನು ಮೈಸೂರು ಸೀಮೆಯವರೂ ತಮ್ಮವೆಂದೇ ಹಾಡಿಕೊಂಡರು. ನುಡಿಯಲ್ಲಿ ಕೊರತೆಯಿಲ್ಲ, ಕೊರತೆಯಿರುವುದು ನಮ್ಮ ಧೈರ್ಯದಲ್ಲಿ.

ವಾಚಕರೇ, ಈ ಧೈರ್ಯದ ಮೊದಲ ಪಾಠವು ಮನೆಯಲ್ಲಿಯೇ ಆಗಬೇಕು. ಅಜ್ಜಿಯು 'ಹೋಗೂಣು, ಬರೂಣು' ಎಂದಾಗ ಮೊಮ್ಮಕ್ಕಳು ನಕ್ಕರೆ ನಾವೂ ಕೂಡಿ ನಗುತ್ತಿರುವೆವಲ್ಲವೇ? ನಾವು ಊರಿಗೆ ಮರಳಿದ ರಾತ್ರಿ ಮಕ್ಕಳನ್ನು ಕೂಡಿಸಿ ಆ ಮುದುಕಿಯ ಮಾತನ್ನು ಅವಳು ಆಡಿದಂತೆಯೇ ಆಡಿ ತೋರಿಸಿದೆವು. ಅಂದು ಯಾರೂ ನಗಲಿಲ್ಲ. "ಆ ಅಜ್ಜಿಯ ಚಿತ್ರ ಯಾವಾಗ ಬರುತ್ತದೆ?" ಎಂದು ಕಿರಿಯ ಮಗಳು ಕೇಳಿದಳು.