ಕೇಳಲಿಲ್ಲ ಸರ್

ದಾಂಡೇಲಿ, ಹಳಿಯಾಳ ಕಡೆಯ ಯಾವ ಕಾಲೇಜಿಗೆ ಹೋದರೂ ಒಂದೇ ಬೆಂಚಿನಲ್ಲಿ ಮೂರು ನಾಲ್ಕು ಮನೆಮಾತಿನವರು ಕೂತಿರುತ್ತಾರೆ. 1950ರ ದಶಕದಲ್ಲಿ ಕಾಳಿ ನದಿಯ ದಂಡೆಯ ಮೇಲೆ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಬಂದಾಗ ಕೆಲಸ ಹುಡುಕಿಕೊಂಡು ಬಂದವರ ಮಕ್ಕಳು, ಮೊಮ್ಮಕ್ಕಳು ಈಗ ದಾಂಡೇಲಿಯವರೇ. ಅವರ ಮನೆಗಳಲ್ಲಿ ಉರ್ದು, ಹಿಂದಿ, ಮರಾಠಿ, ತೆಲುಗು ಎಲ್ಲ ಉಂಟು. ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಿಂದ ಕೊಂಕಣಿ ಮಾತಾಡುವ ಕುಣಬಿಗಳ ಮಕ್ಕಳು ಬರುತ್ತಾರೆ. ಹಳಿಯಾಳದ ಸುತ್ತಲಿನಿಂದ ಮರಾಠರು, ಸಿದ್ದಿಗಳು, ಗೌಳಿಗಳು. ಮುಂಡಗೋಡದವರಿಗಂತೂ 1966ರಿಂದ ಟಿಬೆಟಿಯನ್ನರೇ ನೆರೆಯವರು. ಇಷ್ಟು ಬಗೆಯ ಬದುಕು ಗೊತ್ತಿರುವವರು ಒಂದೇ ಕೋಣೆಯಲ್ಲಿ ಕೂಡಿ ಕಲಿಯುವ ಅವಕಾಶ ನಾಡಿನ ಎಲ್ಲ ಕಡೆ ಸಿಗುವಂಥದ್ದಲ್ಲ. ನನಗೆ ಸಿಕ್ಕಿತ್ತು. ಅದನ್ನು ನಾನು ಕೈಯಾರೆ ಕೆಡಿಸಿಕೊಂಡೆ. ಹೇಗೆಂದು ಹೇಳಿದರೆ ಈಗ ಓದುತ್ತಿರುವವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ಡಿಗ್ರಿಯ ಕೊನೆಯ ವರ್ಷ ನಮಗೆ ಪ್ರಾಜೆಕ್ಟ್ ಇತ್ತು. ನಾಲ್ವರದೊಂದು ಗುಂಪು. ನಮ್ಮ ಗುಂಪಿನಲ್ಲಿ ದಾಂಡೇಲಿಯ ನಾನು, ಜೋಯಿಡಾ ಕಡೆಯ ಹಳ್ಳಿಯ ಒಬ್ಬ ಕುಣಬಿ ಗೆಳೆಯ, ಹಳಿಯಾಳ ತಾಲೂಕಿನ ಒಬ್ಬ ಸಿದ್ದಿ ಗೆಳತಿ, ಮುಂಡಗೋಡದ ಇನ್ನೊಬ್ಬ ಹುಡುಗ. ವಿಷಯ, ಜೋಯಿಡಾ ಭಾಗದ ಗೆಡ್ಡೆ-ಗೆಣಸುಗಳು. ಕುಣಬಿಗಳ ಹಿತ್ತಿಲಲ್ಲಿ ಎಷ್ಟೋ ಬಗೆಯ ಗೆಡ್ಡೆಗಳಿರುತ್ತವೆ. ಮಳೆ ಹಿಡಿಯುವ ಹೊತ್ತಿಗೆ ನೆಟ್ಟು ಚಳಿಗಾಲದಲ್ಲಿ ಅಗೆಯುತ್ತಾರೆ. ಕೆಲವು ಬಾಯಿ ತುರಿಸುತ್ತವೆ, ಹುಳಿ ಹಾಕಿ ಬೇಯಿಸಬೇಕು. ಕೆಲವನ್ನು ಸುಮ್ಮನೆ ಕೆಂಡದಲ್ಲಿ ಸುಟ್ಟು ತಿನ್ನಬಹುದು. ಈಗ ಜೋಯಿಡಾದಲ್ಲಿ ಗೆಡ್ಡೆ-ಗೆಣಸು ಮೇಳವೇ ನಡೆಯುತ್ತದೆ, ದೂರದೂರದಿಂದ ಜನ ಬಂದು ಕೊಂಡೊಯ್ಯುತ್ತಾರೆ. ನಾವು ಓದುವಾಗ ಪೇಟೆಯವರು ಇವುಗಳ ಬಗ್ಗೆ ಅಷ್ಟು ಮಾತಾಡುತ್ತಿರಲಿಲ್ಲ.

ಮೊದಲ ದಿನ ಕ್ಯಾಂಟೀನಿನಲ್ಲಿ ಸೇರಿದಾಗ ನಾನು ಎಲ್ಲವನ್ನೂ ಮನೆಯಲ್ಲೇ ಬರೆದುಕೊಂಡು ಹೋಗಿದ್ದೆ. ಪ್ರಶ್ನಾವಳಿ ನಂದು. ಲೆಕ್ಕ ಹಾಕುವುದು, ವರದಿ ಬರೆಯುವುದು, ಟೈಪ್ ಮಾಡಿಸುವುದು ನಂದು. ಜೋಯಿಡಾದವನು ಮನೆ ತೋರಿಸಿ ಮಾತು ತಿಳಿಸಿಕೊಡಬೇಕು. ಹಳಿಯಾಳದವಳು ಹೆಂಗಸರ ಹತ್ತಿರ ಕೂತು ಉತ್ತರ ಬರೆದುಕೊಳ್ಳಬೇಕು. ಮುಂಡಗೋಡದವನು ಫೋಟೊ ತೆಗೆಯಬೇಕು. ಯಾರೂ ಎದುರಾಡಲಿಲ್ಲ. ಎಲ್ಲರೂ ಒಪ್ಪಿದರು ಅಂತ ನಾನು ತಿಳಿದೆ.

ಪ್ರಶ್ನಾವಳಿಯ ಮೊದಲ ಪ್ರಶ್ನೆ, ‘ಗೆಡ್ಡೆ ಬೆಳೆಯನ್ನು ಎಷ್ಟು ಎಕರೆಯಲ್ಲಿ ಬೆಳೆಯುತ್ತೀರಿ?’ ಅದನ್ನು ಓದಿ ಜೋಯಿಡಾದ ಗೆಳೆಯ, “ಎಕರೆ ಅಂದ್ರ ನಮ್ಮ ಕಡೆ...” ಅಂತ ಶುರು ಮಾಡಿದ. “ಅದನ್ನ ಆಮ್ಯಾಲೆ ನೋಡೋಣು, ಮೊದಲ ಇದನ್ನ ಮುಗಿಸೋಣು” ಅಂದೆ. ಅವನ ಆ ಮಾತು ಮುಂದೆ ಯಾವತ್ತೂ ಪೂರ್ತಿಯಾಗಲಿಲ್ಲ. ನಾನೂ ಅದನ್ನು ನೆನಪಿಸಿಕೊಂಡು ಕೇಳಲಿಲ್ಲ.

ಹಳ್ಳಿಗಳಿಗೆ ಹೋದೆವು. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿಯನ್ನು ಎಕರೆಯ ಪ್ರಶ್ನೆ ಕೇಳಿದೆ. ಗೆಳೆಯ ಕೊಂಕಣಿಯಲ್ಲಿ ತಿಳಿಸಿದ. ಅವರು ನಕ್ಕು, ಇಲ್ಲ ಎಂದು ತಲೆ ಆಡಿಸಿದರು. ‘ಬೆಳೆಯುವುದಿಲ್ಲ’ ಎಂಬ ಕಡೆ ಟಿಕ್ ಹಾಕಿದೆ. ಮನೆಯ ಹಿಂದೆಯೇ ಒಂದು ಬಳ್ಳಿ ಮರ ಹತ್ತಿತ್ತು. ನಾನು ಅದನ್ನು ಕಾಡುಬಳ್ಳಿ ಅಂದುಕೊಂಡೆ. ಅದು ಗೆಣಸಿನ ಬಳ್ಳಿ. ಹೋದ ಮನೆಗಳಲ್ಲೆಲ್ಲ ಹೆಚ್ಚುಕಡಿಮೆ ಇದೇ ಆಯಿತು. ಹಿತ್ತಿಲ ಮೂಲೆಯಲ್ಲಿ, ಬಚ್ಚಲು ನೀರು ಹರಿಯುವ ಕಡೆ, ಬೇಲಿಯ ಪಕ್ಕ ನೆಟ್ಟಿದ್ದನ್ನು ಯಾರೂ ಎಕರೆಯಲ್ಲಿ ಅಳೆಯುವುದಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ. ಪಕ್ಕದಲ್ಲೇ ನಿಂತಿದ್ದವನಿಗೆ ಅದು ಹುಟ್ಟಿದಾಗಿನಿಂದ ಗೊತ್ತಿತ್ತು.

ವರದಿಯನ್ನು ನಾನೊಬ್ಬನೇ ನಿದ್ದೆಗೆಟ್ಟು ಬರೆದೆ. ನನ್ನಷ್ಟು ದುಡಿದವರು ಯಾರೂ ಇಲ್ಲ ಎಂಬ ಹೆಮ್ಮೆ ಒಳಗೇ ಇತ್ತು, ಉಳಿದವರ ಮೇಲೆ ಸಣ್ಣ ಸಿಟ್ಟೂ ಇತ್ತು. ಜೋಯಿಡಾದಲ್ಲಿ ಗೆಡ್ಡೆ-ಗೆಣಸಿನ ಬೆಳೆ ನಶಿಸುವ ಹಂತ ತಲುಪಿದೆ ಎಂದು ತೀರ್ಮಾನ ಬರೆದೆ. ವೈವಾಕ್ಕೆ ಮುಂಚಿನ ಸಂಜೆ ಮೂವರ ಕೈಗೂ ಒಂದೊಂದು ಹಾಳೆ ಕೊಟ್ಟು, “ಇಷ್ಟು ಬೈಹಾರ್ಟ್ ಮಾಡ್ಕೊಂಡು ಬರ್ರಿ, ಸಾಕು” ಎಂದೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು ವರದಿಯನ್ನು ಕೊನೆಯಿಂದ ಓದಿದರು. ನಾನು ಮಾತು ಶುರು ಮಾಡುವಷ್ಟರಲ್ಲಿ ಕೈ ಎತ್ತಿ ನಿಲ್ಲಿಸಿ, ಜೋಯಿಡಾದವನ ಕಡೆ ತಿರುಗಿದರು.

“ನಿಮ್ಮೂರು ಯಾವುದಪ್ಪಾ?”

“ಜೋಯಿಡಾ ಹತ್ರ ಸರ್.”

“ನಿಮ್ಮ ಮನೇಲಿ ಗೆಡ್ಡೆ ಬೆಳೀತೀರಾ?”

“ಹೌದು ಸರ್. ಹಿತ್ತಿಲದಾಗ.”

“ಎಷ್ಟು ಬಗೆ?”

ಅವನು ಬೆರಳು ಮಡಚಿ ಎಣಿಸತೊಡಗಿದ. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದ.

“ಮತ್ತೆ ಇಲ್ಲಿ ನಶಿಸ್ತಾ ಇದೆ ಅಂತ ಬರೆದಿದ್ದೀರಲ್ಲ?”

ಅವನು ನನ್ನ ಮುಖ ನೋಡಿದ. ಆಮೇಲೆ ನೆಲ ನೋಡಿದ. “ಕೇಳಲಿಲ್ಲ ಸರ್” ಅಂದ.

“ಯಾರು ಕೇಳಲಿಲ್ಲ?”

ಅವನು ಬಾಯಿ ಬಿಡಲಿಲ್ಲ. ನನ್ನ ಹೆಸರು ಹೇಳಿದ್ದರೆ ಅವನ ತಪ್ಪೇನೂ ಆಗುತ್ತಿರಲಿಲ್ಲ. ಅವನು ಸುಮ್ಮನಿದ್ದದ್ದನ್ನು ನೋಡಿ ನನಗೆ ನಿಂತಲ್ಲೇ ಬೆವರು ಬಂತು.

ಪರೀಕ್ಷಕರು ಹಳಿಯಾಳದ ಗೆಳತಿಯನ್ನು, ನೀನೇನು ಮಾಡಿದೆಯಮ್ಮ ಎಂದು ಕೇಳಿದರು. ಅವಳು ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದು ಕೊಟ್ಟಳು. ನನ್ನ ಪ್ರಶ್ನೆಗಳು ಮುಗಿದ ಮೇಲೂ ಅವಳು ಹೆಂಗಸರ ಜೊತೆ ಅಡುಗೆಮನೆಯಲ್ಲಿ ಕೂತು ಮಾತಾಡಿದ್ದಳು. ಯಾವ ಗೆಡ್ಡೆಗೆ ಯಾವ ಹುಳಿ, ಯಾವುದು ಹಬ್ಬಕ್ಕೆ, ಅಕ್ಕಿ ಮುಗಿದ ಮಳೆಗಾಲದಲ್ಲಿ ಯಾವುದು ಹೊಟ್ಟೆ ತುಂಬಿಸುತ್ತಿತ್ತು, ಬಿತ್ತನೆಯ ಗೆಡ್ಡೆಯನ್ನು ಯಾರು ತವರಿನಿಂದ ತಂದರು, ಎಲ್ಲ ಬರೆದುಕೊಂಡಿದ್ದಳು. ಪರೀಕ್ಷಕರು ನಮ್ಮ ವರದಿ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಆ ನೋಟ್‌ಬುಕ್ ಓದಿದರು. “ಇದು ವರದಿಯಲ್ಲಿ ಎಲ್ಲಿದೆ?” ಎಂದರು. ಎಲ್ಲೂ ಇರಲಿಲ್ಲ. ಅವಳು ನನಗೆ ಅದನ್ನು ತೋರಿಸಲು ಬಂದಿದ್ದಳು. ನಮ್ಮ ನಮೂನೆಯಲ್ಲಿ ಇದಕ್ಕೆ ಕಾಲಂ ಇಲ್ಲ ಎಂದು ನಾನೇ ತಿರುಗಿಸಿ ಕಳಿಸಿದ್ದೆ.

ನಾಲ್ವರಿಗೂ ಪಾಸಾಗುವಷ್ಟು ಅಂಕ ಬಂತು, ಅಷ್ಟೇ. ನನ್ನ ಅಂಕ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಗೊತ್ತಿದ್ದೂ ಹೇಳಲು ಜಾಗ ಸಿಗದ ಮೂವರ ಅಂಕವೂ ನನ್ನಿಂದ ಹೋಯಿತು ಎಂಬುದು ಇವತ್ತಿಗೂ ಚುಚ್ಚುತ್ತದೆ. ಆ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಜೋಯಿಡಾ ಬಸ್ಸಿಗೆ ಕಾಯುತ್ತಿದ್ದವನ ಹತ್ತಿರ ಹೋಗಿ, ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. “ನೀ ಅಷ್ಟ ಕಷ್ಟಪಟ್ಟು ಮಾಡಾಕತ್ತಿದ್ದೀ. ನಡುವ ಬಾಯಿ ಹಾಕೋದು ಹೆಂಗ ಅಂತ ಸುಮ್ನಾದೆ” ಎಂದ.

ನನ್ನ ದುಡಿಮೆಯೇ ಅವನ ಬಾಯಿ ಕಟ್ಟಿತ್ತು. ಈ ಮಾತನ್ನು ಅರಗಿಸಿಕೊಳ್ಳಲು ನನಗೆ ವರ್ಷಗಳೇ ಬೇಕಾದವು.

ಮುಂದೆ ಬಿ.ಎಡ್. ಮಾಡಿ ಮೇಷ್ಟ್ರಾದ ಮೇಲೆ ಗುಂಪು ಕಲಿಕೆಯ ಬಗ್ಗೆ ಹುಡುಕಿ ಹುಡುಕಿ ಓದಿದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ಜನರಿಂದ ಹಗ್ಗ ಎಳೆಸಿ ಅಳೆದು, ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬನ ಎಳೆತ ಕಡಿಮೆಯಾಗುತ್ತದೆ ಎಂದು 1913ರಲ್ಲೇ ಪ್ರಕಟಿಸಿದ್ದ. 1979ರಲ್ಲಿ ಅಮೆರಿಕದ ಲಟಾನೆ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಂದ ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದಾಗಲೂ ಅದೇ ಕಂಡಿತು. ಆದರೆ ಒಬ್ಬೊಬ್ಬನ ಪಾಲು ಬೇರೆಯಾಗಿ ಕಾಣುತ್ತದೆ ಎಂದು ಗೊತ್ತಾದಾಗ ಈ ಜಡತೆ ಇಳಿಯುತ್ತದೆ ಎಂದೂ ಅವರೇ ಮುಂದೆ ತೋರಿಸಿದರು. ಗುಂಪಿನಲ್ಲಿ ಮೈಗಳ್ಳತನ ಮಾಡುವವರನ್ನು ಬೈಯುವುದು ನಮಗೆಲ್ಲ ರೂಢಿ. ಎಲ್ಲವನ್ನೂ ತಾನೇ ಎಳೆದುಕೊಳ್ಳುವವನು ಆ ಮೈಗಳ್ಳತನವನ್ನು ಹುಟ್ಟಿಸುತ್ತಾನೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಗುಂಪಿನಲ್ಲಿ ಯಾರೂ ಮೈಗಳ್ಳರಿರಲಿಲ್ಲ. ಅವರು ಎಳೆಯಬೇಕಾದ ಹಗ್ಗವನ್ನು ನಾನು ಕೊಟ್ಟಿರಲೇ ಇಲ್ಲ.

1971ರಲ್ಲಿ ಅಮೆರಿಕದ ಟೆಕ್ಸಾಸ್‌ನ ಆಸ್ಟಿನ್ ಊರಿನ ಶಾಲೆಗಳಲ್ಲಿ ಬಿಳಿಯ, ಕರಿಯ, ಸ್ಪ್ಯಾನಿಶ್ ಮಾತಾಡುವ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದಾಗ ಜಗಳವೇ ಜಗಳ. ಮನಶ್ಶಾಸ್ತ್ರಜ್ಞ ಎಲಿಯಟ್ ಆರೊನ್ಸನ್ ಮತ್ತು ಅವರ ವಿದ್ಯಾರ್ಥಿಗಳು ಆಗ ಒಂದು ಉಪಾಯ ಮಾಡಿದರು. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬ ಮಗುವಿಗೆ ಒಂದೊಂದು ತುಂಡು ಮಾತ್ರ ಕೊಟ್ಟರು. ಉಳಿದ ಭಾಗ ಬೇಕಾದರೆ ಪಕ್ಕದವನ ಬಾಯಿಂದಲೇ ಕೇಳಬೇಕು. ಮೊದಮೊದಲು ಇಂಗ್ಲಿಷ್ ತಡವರಿಸುವ ಹುಡುಗನನ್ನು ಉಳಿದವರು ಹಂಗಿಸಿದರು. ಹಂಗಿಸಿದರೆ ತಮಗೇ ಪಾಠ ಸಿಗುವುದಿಲ್ಲ ಎಂದು ಗೊತ್ತಾದ ಮೇಲೆ ನಿಧಾನವಾಗಿ ಪ್ರಶ್ನೆ ಕೇಳಿ ಅವನಿಂದ ಮಾತು ಹೊರಡಿಸುವುದನ್ನು ಕಲಿತರು. ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಕ್ಯಾಂಟೀನಿನ ಆ ಅರ್ಧ ಮಾತು ಬಂತು. ನಮ್ಮ ನಾಲ್ವರ ಹತ್ತಿರವೂ ಬೇರೆ ಬೇರೆ ತುಂಡುಗಳಿದ್ದವು. ಯಾರೂ ಹಂಚಿಕೊಡಬೇಕಾದ ಅಗತ್ಯವಿರಲಿಲ್ಲ, ಹುಟ್ಟಿದ ಮನೆಯಿಂದಲೇ ಬಂದಿದ್ದವು. ಕೂಡಿಸುವ ಕೆಲಸವಷ್ಟೇ ನನ್ನದಾಗಿತ್ತು.

ಇದನ್ನು ಕಲಿಯಲು ಅಷ್ಟು ದೂರ ಹೋಗಬೇಕಾಗಿಯೂ ಇರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ನಮ್ಮ ಸರ್ಕಾರಿ ಶಾಲೆಗಳಲ್ಲೇ ಇದೆ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಶಿಕ್ಷಕರ ನೆರವಿನಿಂದ ಕಲಿಯುವ ಗುಂಪಿನ ಜೊತೆಗೆ ಸಹಪಾಠಿಗಳ ನೆರವಿನಿಂದ ಕಲಿಯುವ ಗುಂಪೂ ಇರುತ್ತದೆ. ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿಗೆ ಹೇಳಿಕೊಡಬೇಕು, ತಾನೇ ಬರೆದುಕೊಟ್ಟರೆ ನಡೆಯುವುದಿಲ್ಲ. ಜೋಯಿಡಾದಂಥ ಕಡೆ, ಹತ್ತಾರು ಮಕ್ಕಳಷ್ಟೇ ಇರುವ ಕಾಡಂಚಿನ ಶಾಲೆಗಳಿಗೆ ಇದು ಎಷ್ಟು ಒಗ್ಗುತ್ತದೆ ಎಂದು ನಾನು ಕಂಡಿದ್ದೇನೆ. ಆರು ವರ್ಷದ ಮಗು ಪಾಲಿಸುವ ನಿಯಮವನ್ನು ನಾನು ಡಿಗ್ರಿಯಲ್ಲಿ ಪಾಲಿಸಿರಲಿಲ್ಲ.

ಮುಂಡಗೋಡದ ಗೆಳೆಯ ಒಮ್ಮೆ ಟಿಬೆಟಿಯನ್ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಡ್ರೆಪುಂಗ್, ಗಾಂಡೆನ್ ಮಠಗಳಿವೆ. ಅಂಗಳದಲ್ಲಿ ಭಿಕ್ಕುಗಳು ಜೋಡಿ ಜೋಡಿಯಾಗಿ ವಾದ ಮಾಡುತ್ತಿದ್ದರು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಎಸೆದು ಜೋರಾಗಿ ಚಪ್ಪಾಳೆ ಹೊಡೆಯುತ್ತಾನೆ. ಕೂತವನು ಆಗಲೇ ಉತ್ತರ ಕೊಡಬೇಕು. ಇವತ್ತು ಕೇಳಿದವನು ಇನ್ನೊಮ್ಮೆ ಉತ್ತರಿಸುವ ಜಾಗದಲ್ಲಿ ಕೂರುತ್ತಾನೆ. ಅಲ್ಲಿ ಒಬ್ಬ ಕಲಿತು ಇನ್ನೊಬ್ಬ ಸುಮ್ಮನಿರುವುದು ಸಾಧ್ಯವೇ ಇಲ್ಲ. ಗಟ್ಟಿಯಾಗಿ ಎದುರು ಕೇಳಿದರೂ ವಾದ ಮುಗಿದ ಮೇಲೆ ನಗುತ್ತಾ ಹೋಗುತ್ತಾರೆ. ಗುಂಪಿನಲ್ಲಿ ಒಬ್ಬರ ಮಾತನ್ನು ಒಬ್ಬರು ಪ್ರಶ್ನಿಸಿದರೆ ಸ್ನೇಹ ಕೆಡುತ್ತದೆ ಎಂದು ನಾವು ಹೆದರುತ್ತೇವಲ್ಲ, ಆ ಹೆದರಿಕೆ ಅಲ್ಲಿ ನನಗೆ ಬಿಟ್ಟುಹೋಯಿತು.

ಈಗ ನನ್ನ ವಿದ್ಯಾರ್ಥಿಗಳು ಗುಂಪು ಮಾಡಿಕೊಂಡಾಗ ನಾನು ಕೆಲವು ಕಟ್ಟುಪಾಡು ಹಾಕುತ್ತೇನೆ. ಮೊದಲ ದಿನ ಕೆಲಸ ಹಂಚುವಂತಿಲ್ಲ. ಈ ವಿಷಯದಲ್ಲಿ ಉಳಿದವರಿಗೆ ಗೊತ್ತಿಲ್ಲದ ಏನು ನನಗೆ ಗೊತ್ತಿದೆ ಎಂದು ಪ್ರತಿಯೊಬ್ಬರೂ ಹೇಳಬೇಕು, ಎಲ್ಲರಿಗಿಂತ ಕಡಿಮೆ ಮಾತಾಡುವವರು ಮೊದಲು ಹೇಳಬೇಕು. ಪ್ರಶ್ನಾವಳಿ ಆಗಲಿ, ಪ್ರಯೋಗವಾಗಲಿ, ಮೊದಲು ತಮ್ಮ ತಮ್ಮ ಮನೆಯಲ್ಲಿ ಮಾಡಿ ನೋಡಬೇಕು. ನಮ್ಮ ಎಕರೆಯ ಪ್ರಶ್ನೆಯನ್ನು ಗೆಳೆಯನ ಮನೆಯಲ್ಲಿ ಒಮ್ಮೆ ಕೇಳಿದ್ದರೆ ಅಲ್ಲೇ ಬಿದ್ದುಹೋಗುತ್ತಿತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ, ಒಪ್ಪದ ಕಡೆ ಗೆರೆ ಎಳೆಯಬೇಕು. ಮುಂದಾಳು ಆಗಾಗ ಬದಲಾಗಬೇಕು. ಕೊನೆಗೆ ನಾನು ಪರೀಕ್ಷೆ ಮಾಡುವಾಗ ಯಾರಿಗೂ ಅವರವರ ಭಾಗದ ಬಗ್ಗೆ ಕೇಳುವುದಿಲ್ಲ, ಪಕ್ಕದವರ ಭಾಗದ ಬಗ್ಗೆ ಕೇಳುತ್ತೇನೆ. ಹೀಗೆ ಮಾಡಿದರೆ ಕೆಲಸ ನಿಧಾನವಾಗುತ್ತದೆ, ಜಾಣ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. ನಾನೂ ಹಾಗೆ ಬೇಸರ ಮಾಡಿಕೊಳ್ಳುತ್ತಿದ್ದವನೇ ಆದ್ದರಿಂದ ಅವರಿಗೆ ಈ ಕಥೆ ಹೇಳುತ್ತೇನೆ.

ಗುಂಪಿನಲ್ಲಿ ಓದುತ್ತಿರುವ ಮಕ್ಕಳೇ, ನಿಮ್ಮಲ್ಲಿ ಯಾರಿಗೆ ಎಲ್ಲವನ್ನೂ ಒಬ್ಬರೇ ಚೆನ್ನಾಗಿ ಮಾಡಬಲ್ಲೆ ಎಂಬ ಧೈರ್ಯವಿದೆಯೋ ಅವರಿಗೇ ನನ್ನ ಮಾತು. ಪೆನ್ನು ಕೆಳಗಿಟ್ಟು ಪಕ್ಕದಲ್ಲಿ ಸುಮ್ಮನೆ ಕೂತವರನ್ನು ಒಂದು ಪ್ರಶ್ನೆ ಕೇಳಿ. ಅವರ ಮಾತು ಪೂರ್ತಿ ಮುಗಿಯುವವರೆಗೆ ಕಾಯಿರಿ. ಬರೆಯುವುದನ್ನು ಆಮೇಲೆ ಶುರು ಮಾಡಿ.